ಸಾಲ್ಹಾ ಬರೆಯಲು ಹೇಳಿದ ಸಾಲು

ಅತ್ತಾಯಾ, ಕೆರ್ಕೆನ್ನಾ ದ್ವೀಪ
೧೨ ಅಕ್ಟೋಬರ್ ೧೯೯೬

ನನ್ನ ತಮ್ಮ ರಿದಾನಿಗೆ,

ಅಕ್ಕ ಮಬ್ರೂಕಾಳ ಸಲಾಂ. ನೀನು ಮಿಸ್ರಾತಾ ಮುಟ್ಟಿದ್ದು, ಕೆಲಸಕ್ಕೆ ಸೇರಿದ್ದು ತಿಳಿದು ಸಮಾಧಾನವಾಯಿತು. ಇನ್ನು ಮೇಲೆ ಅಂಚೆ ಕಚೇರಿಗೆ ಫೋನು ಮಾಡಬೇಡ ಮಾರಾಯ. ಆ ಗೂಡಿನೊಳಗೆ ನಿಂತು ನಾನು ಆಡಿದ ಮಾತು ನನಗಿಂತ ಮೊದಲೇ ಮನೆ ಸೇರಿತ್ತು. ನಾಲ್ಕನೇ ತರಗತಿಯ ಅಕ್ಷರವಾದರೂ ಪತ್ರವೇ ವಾಸಿ.

ಆಕ್ಟೋಪಸ್ ಹಂಗಾಮು ಶುರುವಾಗಿದೆ. ಜುಮಾ ಚಿಕ್ಕಪ್ಪ ಆಕ್ಟೋಪಸ್ ಬಂದು ಅಡಗುವ ನಮ್ಮ ಮಣ್ಣಿನ ಕುಡಿಕೆಗಳನ್ನೂ ತನ್ನ ದೋಣಿಯಲ್ಲಿ ಒಯ್ದು ಕಡಲಿಗೆ ಬಿಟ್ಟಿದ್ದಾನೆ. ಎಮ್ನಾ ಶಾಲೆಗೆ ಹೋಗುತ್ತಿದ್ದಾಳೆ. "ನಮ್ಮಪ್ಪ ಲಿಬಿಯಾ ದೇಶಕ್ಕೆಲ್ಲ ಟೈಲ್ಸ್ ಹಾಕ್ತಾ ಇದ್ದಾರೆ" ಅಂತ ಮೇಷ್ಟ್ರಿಗೆ ಹೇಳಿ ಬಂದಿದ್ದಾಳೆ.

ಇನ್ನು ನಿನ್ನ ಹೆಂಡತಿ. ಬರೆಯಬಾರದೆಂದಿದ್ದೆ, ಬರೆಯದಿದ್ದರೆ ನನ್ನ ಹೊಟ್ಟೆ ಉಬ್ಬುತ್ತದೆ. ಹೊತ್ತು ನೆತ್ತಿಗೇರಿದರೂ ಸಾಲ್ಹಾ ಹಾಸಿಗೆ ಬಿಡುವುದಿಲ್ಲ. ನಿದ್ದೆಯಾದರೂ ಮಾಡುತ್ತಾಳೋ ಎಂದರೆ ಅದೂ ಇಲ್ಲ, ಕಣ್ಣು ಬಿಟ್ಟುಕೊಂಡು ಗೋಡೆ ನೋಡುತ್ತಾ ಬಿದ್ದಿರುತ್ತಾಳೆ. "ಏನಮ್ಮಾ ರಾಣಿ, ಗೋಡೆ ಮೇಲೆ ಸಿನಿಮಾ ನಡೀತಿದೆಯಾ?" ಎಂದೆ. "ಏಳ್ತೀನಿ ಲೆಲ್ಲಾ, ಈಗ ಏಳ್ತೀನಿ" ಅಂದಳು. ಅಕ್ಕನವರೇ ಎನ್ನುವ ಹಾಗೆ ಲೆಲ್ಲಾ ಲೆಲ್ಲಾ ಎಂದು ಕರೆಯುವುದಕ್ಕೇನೂ ಕಡಿಮೆಯಿಲ್ಲ. ಮಧ್ಯಾಹ್ನದ ಬಾಂಗು ಕೂಗಿದರೂ ಏಳಲಿಲ್ಲ. ಮೊನ್ನೆ ಮೀನಿನ ಸಾರಿಗೆ ಉಪ್ಪಿಲ್ಲ, ನಿನ್ನೆ ಬಾಯಿಗಿಡಲಾಗದಷ್ಟು ಉಪ್ಪು. ಮದುವೆಯಾಗಿ ಏಳು ವರ್ಷವಾದ ಹೆಂಗಸಿಗೆ ನಾನು ಉಪ್ಪು ಹಾಕುವುದನ್ನು ಕಲಿಸಬೇಕೇ? ಅಮ್ಮ ಸತ್ತಾಗ ನಿನಗೆ ಒಂಬತ್ತು ವರ್ಷ, ನನಗೆ ಹತ್ತೊಂಬತ್ತು. ನನಗೆ ಒಂದು ದಿನವಾದರೂ ಗೋಡೆ ನೋಡಲು ಪುರಸೊತ್ತು ಸಿಕ್ಕಿತ್ತಾ, ಹೇಳು.

ದೇವರು ನಿನ್ನನ್ನು ಕಾಯಲಿ.

ನಿನ್ನ ಅಕ್ಕ,
ಮಬ್ರೂಕಾ

(ಅದೇ ಹಾಳೆಯ ಕೆಳಗೆ, ಬೇರೆ ಕೈಬರಹದಲ್ಲಿ)
ರೀ, ನಾನು ಸಾಲ್ಹಾ. ಎಮ್ನಾ ನಿಮ್ಮ ಫೋಟೋಕ್ಕೆ ಮುತ್ತು ಕೊಟ್ಟೇ ಶಾಲೆಗೆ ಹೋಗುವುದು. ನನಗೆ ಸ್ವಲ್ಪ ಆಯಾಸ, ಬೇರೇನಿಲ್ಲ. ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು ಕೆಲಸ ಮಾಡಿ.


ಮಿಸ್ರಾತಾ
೯ ನವೆಂಬರ್ ೧೯೯೬

ಪ್ರೀತಿಯ ಅಕ್ಕನಿಗೆ ರಿದಾನ ಸಲಾಂ.

ಪತ್ರ ಓದಿ ಕೋಣೆಯವರೆಲ್ಲ ನಕ್ಕರು. ಗೋಡೆಯ ಸಿನಿಮಾ ಮಾತನ್ನು ಇಲ್ಲಿ ಎಲ್ಲರೂ ಬಾಯಿಪಾಠ ಮಾಡಿಕೊಂಡಿದ್ದಾರೆ. ಯಾರಾದರೂ ಬೆಳಿಗ್ಗೆ ತಡವಾಗಿ ಎದ್ದರೆ "ಯಾವ ಸಿನಿಮಾ ಗುರುವೇ?" ಎನ್ನುತ್ತಾರೆ.

ಸಾಲ್ಹಾ ಮೊದಲಿನಿಂದಲೂ ಸೂಕ್ಷ್ಮ, ನಿನಗೇ ಗೊತ್ತಲ್ಲ. ನಾನು ಹೊರಟ ಬೇಸರ ಇರಬೇಕು. ಕೈತುಂಬ ಕೆಲಸ ಕೊಡು, ಸರಿಹೋಗುತ್ತಾಳೆ. ಸುಮ್ಮನೆ ಕೂತ ಮನಸ್ಸಿಗೆ ಇಲ್ಲದ್ದೆಲ್ಲ ಹೊಳೆಯುತ್ತದೆ. ಇಲ್ಲಿ ನಾವು ಒಂದು ಆಸ್ಪತ್ರೆಯ ಉದ್ದನೆಯ ಪಡಸಾಲೆಗೆ ನೆಲ ಹಾಸುತ್ತಿದ್ದೇವೆ. ಮಲಗಿದರೆ ಕನಸಿನಲ್ಲೂ ಟೈಲ್ಸ್.

ಎಮ್ನಾಳಿಗೆ ನನ್ನ ಮುತ್ತು. ಸಾಲ್ಹಾಳಿಗೆ ಹೇಳು, ಅಕ್ಕನ ಮಾತು ಮೀರಬೇಡ ಅಂತ.

ನಿನ್ನ ತಮ್ಮ,
ರಿದಾ


ಅತ್ತಾಯಾ
೧ ಡಿಸೆಂಬರ್ ೧೯೯೬

ತಮ್ಮಾ,

ನೀನು ಹೇಳಿದಂತೆ ಕೆಲಸ ಕೊಟ್ಟೆ. ಹಗ್ಗ ಹೊಸೆಯಲು ಕೂರಿಸಿದೆ. ಮಧ್ಯಾಹ್ನ ನೋಡಿದರೆ ಮೊಳದುದ್ದ ಹಗ್ಗ, ಅದೂ ಸಡಿಲ. "ಕೈ ಭಾರ ಲೆಲ್ಲಾ, ನೀರೊಳಗೆ ಕೈಯಾಡಿಸಿದ ಹಾಗಿದೆ" ಅನ್ನುತ್ತಾಳೆ. ಬೆನ್ನು ನೋವು, ತಲೆ ನೋವು, ಎದೆಯ ಮೇಲೆ ಯಾರೋ ಕೂತಂತೆ ಆಗುತ್ತದಂತೆ. ಚಿಕಿತ್ಸಾಲಯಕ್ಕೆ ಕರೆದೊಯ್ದೆ. ಅಲ್ಲಿಯವನು ನಾಡಿ ಹಿಡಿದು, "ಏನೂ ಇಲ್ಲಮ್ಮ, ಚೆನ್ನಾಗಿ ತಿನ್ನಿ" ಎಂದು ಶಕ್ತಿಯ ಗುಳಿಗೆ ಕೊಟ್ಟ. ತಿನ್ನುವುದೇ ಇಲ್ಲವಲ್ಲ! ಎರಡು ತುತ್ತು ತಿಂದು ತಟ್ಟೆ ಸರಿಸುತ್ತಾಳೆ. ಬಳೆ ಮೊಣಕೈವರೆಗೆ ಜಾರುತ್ತಿದೆ.

ಎಮ್ನಾಳ ಜಡೆ ಈಗ ನಾನೇ ಹಾಕುವುದು. ಮಗು ಕತೆ ಹೇಳು ಎಂದರೆ, "ಅಮ್ಮನಿಗೆ ಎಲ್ಲ ಮರೆತುಹೋಗಿದೆ ಕಂದಾ" ಎಂದು ಆಚೆ ತಿರುಗುತ್ತಾಳೆ. ಹೊಟ್ಟೆ ತುಂಬಿದವರ ಬೇನೆ ಇದು. ದುಡಿಯುವ ಗಂಡ, ಗಟ್ಟಿ ಮನೆ, ಮುತ್ತಿನಂಥ ಮಗಳು. ಏನು ಕಡಿಮೆಯಾಗಿದೆ ಇವಳಿಗೆ?

ನಾಟಕ ಅನ್ನುವುದಕ್ಕೆ ಸಾಕ್ಷಿ ಬೇಕಾದರೆ ಕೇಳು. ಕಳೆದ ಗುರುವಾರ ಜುಮಾ ಚಿಕ್ಕಪ್ಪನ ಮಗಳ ಮದುವೆಯಲ್ಲಿ ಇದೇ ಸಾಲ್ಹಾ ಕಣ್ಣಿಗೆ ಕಾಡಿಗೆ ಹಚ್ಚಿಕೊಂಡು ಹಾಡಿದಳು, ಕುಣಿದಳು. ಹೆಂಗಸರೆಲ್ಲ, "ನೋಡ್ರೇ ರಿದಾನ ಹೆಂಡ್ತೀನ!" ಎಂದು ಚಪ್ಪಾಳೆ ತಟ್ಟಿದರು. ಮನೆಗೆ ಬಂದದ್ದೇ ತಡ, ಚಪ್ಪಲಿ ಕೂಡ ಕಳಚದೆ ಬಿದ್ದುಕೊಂಡಳು. ಎರಡು ದಿನ ಮಾತಿಲ್ಲ. ಊರಿಗೆ ನಗು, ನಮಗೆ ಮೂತಿ.

ಇನ್ನೂ ಏನೋ ಬರೆಯುವುದಿತ್ತು, ಇರಲಿ ಬಿಡು. ಮೈ ನೋಡಿಕೋ.

ನಿನ್ನ ಅಕ್ಕ,
ಮಬ್ರೂಕಾ

(ಕೆಳಗೆ)
ಸಲಾಂ. ಚೆನ್ನಾಗಿದ್ದೇನೆ. ಸಾಲ್ಹಾ.


ಮಿಸ್ರಾತಾ
೨೪ ಡಿಸೆಂಬರ್ ೧೯೯೬

ಸಾಲ್ಹಾ,

ನೀನು ಬೇರೆಯಾಗಿ ಬರೆದ ಪತ್ರ ತಲುಪಿತು. ನಾಲ್ಕೇ ಸಾಲು, ಆ ನಾಲ್ಕೂ ಓದುವಂತಿಲ್ಲ. ಇಂಥ ಮಾತು ಬರೆಯಲು ನಿನಗೆ ಕೈಯಾದರೂ ಹೇಗೆ ಬಂತು? ಹತ್ತು ಗಂಟೆ ಮೊಣಕಾಲ ಮೇಲೆ ಕೂತು ಕೆಲಸ ಮಾಡಿ ಬಂದವನು ಇದನ್ನು ಓದಿ ಮಲಗಬೇಕೇ? ನನ್ನ ಜೊತೆಯವರಿಗೂ ಹೆಂಡಿರಿದ್ದಾರೆ. ಯಾರೂ ಹೀಗೆ ಹೆದರಿಸುವುದಿಲ್ಲ.

ಬೇಗ ಏಳು. ನಮಾಜು ತಪ್ಪಿಸಬೇಡ. ಅಕ್ಕನ ಜೊತೆ ನಾಲ್ಕು ಮಾತಾಡು. ರಂಜಾನ್ ಹತ್ತಿರ ಬಂತು, ಉಪವಾಸ ಹಿಡಿದರೆ ಮನಸ್ಸು ತಾನಾಗಿಯೇ ಹತೋಟಿಗೆ ಬರುತ್ತದೆ. ಎಮ್ನಾಳ ಮುಖ ನೋಡಿಯಾದರೂ ಗಟ್ಟಿಯಾಗು. ಬೇಸಿಗೆಗೆ ಬರುತ್ತೇನೆ, ಅಲ್ಲಿವರೆಗೆ ಇಂಥ ಪತ್ರ ಬರೆಯಬೇಡ.

ರಿದಾ


ಅತ್ತಾಯಾ
೨೬ ಜನವರಿ ೧೯೯೭

ತಮ್ಮಾ,

ಒಳ್ಳೆಯ ಸುದ್ದಿ! ನೀನು ಅವಳಿಗೆ ಅದೇನು ಬರೆದೆಯೋ, ನಿನ್ನ ಕೈಗೆ ಸಕ್ಕರೆ ಹಾಕಬೇಕು. ಹತ್ತು ದಿನದಿಂದ ಸಾಲ್ಹಾ ಬೇರೆಯೇ ಹೆಂಗಸು. ಬೆಳಗಿನ ಜಾವದ ಸಹರಿ ಊಟಕ್ಕೆ ನನಗಿಂತ ಮೊದಲೇ ಏಳುತ್ತಾಳೆ. ಗೋಡೆಗೆ ಸುಣ್ಣ ಬಳಿದಳು. ಎಮ್ನಾಳ ಬಟ್ಟೆಯನ್ನೆಲ್ಲ ಒಗೆದು, ಸಣ್ಣದಾದುದನ್ನು ಒಂದು ಗಂಟು, ಮುಂದಿನ ವರ್ಷಕ್ಕೆ ಆಗುವಂಥದ್ದನ್ನು ಇನ್ನೊಂದು ಗಂಟು ಮಾಡಿ ಇಟ್ಟಿದ್ದಾಳೆ. ಅಳುವಿಲ್ಲ, ನರಳಾಟವಿಲ್ಲ, ಮುಖದಲ್ಲಿ ಎಂಥದೋ ಶಾಂತಿ.

ಮೊನ್ನೆ ನನ್ನನ್ನು ಒಳಗೆ ಕರೆದು ತನ್ನ ಮದುವೆಯ ಶಾಲನ್ನು ನನ್ನ ಹೆಗಲಿಗೆ ಹೊದಿಸಿದಳು. ಅದೇ, ಕೆಂಪು ಉಣ್ಣೆಯ ಮೇಲೆ ಅವಳಜ್ಜಿ ಬಿಳಿ ದಾರದ ಕಸೂತಿ ಹಾಕಿದ್ದು. "ಇದು ನಿಮಗೇ ಚೆಂದ ಲೆಲ್ಲಾ. ನನ್ನಿಂದ ನಿಮಗೆ ಬಹಳ ತೊಂದರೆ ಆಯ್ತು, ಮನಸ್ಸಲ್ಲಿ ಇಟ್ಕೋಬೇಡಿ" ಅಂದಳು. ನನಗೆ ಮದುವೆಯ ಶಾಲು ಯಾರು ಕೊಟ್ಟಿದ್ದರು ಹೇಳು? ಕನ್ನಡಿಯ ಮುಂದೆ ನಿಂತು ಹೊದ್ದು ನೋಡಿಕೊಂಡೆ. ನಗಬೇಡ.

ನಮ್ಮ ದುಆ ದೇವರಿಗೆ ಮುಟ್ಟಿತು. ಪತ್ರದ ಕೆಳಗೆ ನೀನೂ ಏನಾದರೂ ಬರೆಯುತ್ತೀಯಾ ಎಂದು ಅವಳನ್ನು ಕೇಳಿದೆ. "ಇಲ್ಲ ಲೆಲ್ಲಾ, ಬರೆಯೋದೆಲ್ಲ ಮುಗೀತು" ಎಂದಳು.

ನಿನ್ನ ಅಕ್ಕ,
ಮಬ್ರೂಕಾ


ಅತ್ತಾಯಾ
೫ ಫೆಬ್ರುವರಿ ೧೯೯೭

ರಿದಾ,

ಈ ಪತ್ರವನ್ನು ಮಿಸ್ರಾತಾಕ್ಕೆ ಹೊರಟಿರುವವರ ಕೈಯಲ್ಲಿ ಕೊಡುತ್ತಿದ್ದೇನೆ. ಸೋಮವಾರ ಫೋನಿನಲ್ಲಿ, ಸಾಲ್ಹಾ ಚಿಪ್ಪು ಆರಿಸಲು ಹೋಗಿ ನೀರಲ್ಲಿ ಜಾರಿದಳು, ಹುಷಾರಿಲ್ಲ, ಬಾ ಎಂದೆ. ಸುತ್ತ ಜನ ನಿಂತಿದ್ದರು. ಅವಳು ಜಾರಲಿಲ್ಲ.

ಅವತ್ತು ಬೆಳಿಗ್ಗೆ ಎಮ್ನಾಳನ್ನು ಶಾಲೆಗೆ ಕಳಿಸುವಾಗ ಸಾಲ್ಹಾ ಅವಳನ್ನು ಬಾಗಿಲಲ್ಲಿ ಬಹಳ ಹೊತ್ತು ತಬ್ಬಿಕೊಂಡಿದ್ದಳು. ನಾನು ಅಂಗಳದಲ್ಲಿ ಬಾರ್ಲಿ ಆರಿಸುತ್ತಿದ್ದೆ. "ಲೆಲ್ಲಾ, ಹೋಗಿ ಬರ್ತೀನಿ" ಅಂದಳು. ಎಲ್ಲಿಗೆ ಎಂದು ಕೇಳಬಹುದಿತ್ತು. ನಾನು ತಲೆಯನ್ನೂ ಎತ್ತದೆ, "ಬೇಗ ಬಾ, ಇಫ್ತಾರಿಗೆ ಇದು ಬೇಯಬೇಕು" ಎಂದೆ.

ನೀರು ಇಳಿದ ಹೊತ್ತು. ನಮ್ಮ ಕಡಲು ನಿನಗೆ ಗೊತ್ತು, ಗಾವುದ ನಡೆದರೂ ಮೊಣಕಾಲು ದಾಟುವುದಿಲ್ಲ. ಅವಳು ನಡೆದಳು. ದೂರದಲ್ಲಿ ಕಪ್ಪಗೆ ಏನೋ ಕಂಡು ಜುಮಾ ಚಿಕ್ಕಪ್ಪ ದೊಡ್ಡ ಹಕ್ಕಿ ಎಂದುಕೊಂಡನಂತೆ. ದೋಣಿ ಹತ್ತಿರಕ್ಕೆ ಒಯ್ದರೆ ಸಾಲ್ಹಾ. ಮೀನು ತಡೆಯುವ ಖರ್ಜೂರದ ಗರಿಯ ಬೇಲಿ ಹಿಡಿದು, ಕೂತರೆ ಸೊಂಟದವರೆಗೆ ಬರುವ ನೀರಿನಲ್ಲಿ ಕೂತುಬಿಟ್ಟಿದ್ದಳು. "ಏನಮ್ಮಾ ಮಗಳೇ ಇಲ್ಲಿ?" ಅಂದರೆ, "ದಾರಿ ತಪ್ಪಿದೆ ಚಿಕ್ಕಪ್ಪ" ಅಂದಳಂತೆ. ಅವನು ತನ್ನ ಕೋಟು ಬಿಚ್ಚಿ ಹೊದಿಸಿ ಕರೆತಂದ. ಇವತ್ತಿನವರೆಗೂ ಊರಲ್ಲಿ ಯಾರಿಗೂ ಬಾಯಿಬಿಟ್ಟಿಲ್ಲ. ಚಿಪ್ಪಿನ ಕತೆ ಕಟ್ಟಿದವನೂ ಅವನೇ.

ಒಲೆಯ ಮುಂದೆ ಅವಳ ಕಾಲು ತಿಕ್ಕುತ್ತಿದ್ದೆ. "ಎಷ್ಟು ನಡೆದ್ರೂ ಆಳ ಬರಲೇ ಇಲ್ಲ ಲೆಲ್ಲಾ. ಸುಸ್ತಾಗಿ ಕೂತ್ಕೊಂಡೆ" ಎಂದಳು. ಸಾರಿಗೆ ಉಪ್ಪು ಮರೆತೆ ಎನ್ನುವ ಹಾಗೆ, ಅಷ್ಟು ಸಣ್ಣ ದನಿಯಲ್ಲಿ.

ಅವತ್ತೇ ಮಧ್ಯಾಹ್ನದ ಹಡಗಿನಲ್ಲಿ ಸ್ಫಾಕ್ಸ್‌ಗೆ ಕರೆದೊಯ್ದು ದೊಡ್ಡಾಸ್ಪತ್ರೆಗೆ ಸೇರಿಸಿದೆವು. ಅವಳ ತಾಯಿ ಜೊತೆಗಿದ್ದಾರೆ. ನಾನು ಎಮ್ನಾಳಿಗಾಗಿ ತಿರುಗಿ ಬಂದೆ. ಆ ಶಾಲು ಪೆಟ್ಟಿಗೆಯಲ್ಲಿದೆ, ಆ ಕಡೆ ನೋಡಲೂ ಆಗುತ್ತಿಲ್ಲ. ಅವಳು ಹೊರಡುವ ಗಂಟು ಕಟ್ಟುತ್ತಿದ್ದಳು ರಿದಾ, ನಾನು ಕನ್ನಡಿ ನೋಡಿಕೊಳ್ಳುತ್ತಿದ್ದೆ.

ಬಾ.

ಮಬ್ರೂಕಾ


ಸ್ಫಾಕ್ಸ್
೨೩ ಫೆಬ್ರುವರಿ ೧೯೯೭

ಅಕ್ಕಾ,

ಸಾಲ್ಹಾಳನ್ನು ನೋಡಲು ದಿನಕ್ಕೆ ಎರಡು ಗಂಟೆ ಬಿಡುತ್ತಾರೆ. ಅವಳು ಮಾತಾಡುವುದು ಕಡಿಮೆ. ಮೊದಲ ದಿನ ನನ್ನನ್ನು ನೋಡಿ, "ಕೆಲಸ ಬಿಟ್ಟು ಬಂದ್ರಾ? ನನ್ನಿಂದ ನಿಮ್ಗೂ ತೊಂದ್ರೆ" ಎಂದಳು. ಗುಳಿಗೆ ಹಿಡಿಯಲು ಮೂರು ನಾಲ್ಕು ವಾರ ಬೇಕಂತೆ. ಬಾಯಿ ಒಣಗುತ್ತದೆ ಎಂದು ಪದೇ ಪದೇ ನೀರು ಕೇಳುತ್ತಾಳೆ.

ಡಾಕ್ಟರ್ ಬಹೀಜಾ ಎನ್ನುವವರು ನೋಡಿಕೊಳ್ಳುತ್ತಿದ್ದಾರೆ. ಯಾವಾಗಿನಿಂದ ಹೀಗಿದ್ದಾಳೆ ಎಂದು ಕೇಳಿದರು. ನನಗೇನು ಗೊತ್ತು? ಚೀಲದಲ್ಲಿದ್ದ ನಿನ್ನ ಪತ್ರಗಳನ್ನು ತೆಗೆದು ಓದಿದೆ. ಅವರು ಪೆನ್ನು ಹಿಡಿದು ಬರೆದುಕೊಳ್ಳುತ್ತಾ ಹೋದರು. ಗೋಡೆ ನೋಡುತ್ತಾ ಮಲಗಿದ್ದು, ತುತ್ತು ಸೇರದ್ದು, ಕೈ ಭಾರ, ಮಗುವಿಗೆ ಹೇಳುವ ಕತೆ ಮರೆತದ್ದು. ಮದುವೆಯಲ್ಲಿ ಕುಣಿದದ್ದು ಬಂದಾಗ ತಲೆಯಾಡಿಸಿದರು. "ನಾಲ್ಕು ಜನರ ಮುಂದೆ ನಗೋದಕ್ಕೆ ಇದ್ದಬದ್ದ ಶಕ್ತಿ ಎಲ್ಲ ಖರ್ಚಾಗುತ್ತೆ. ಮನೆಗೆ ಬಂದು ಬೀಳ್ತಾರೆ. ನಾಟಕ ಅಲ್ಲ ಅದು" ಎಂದರು. ಶಾಲಿನ ಮಾತು ಬಂದಾಗ ಪೆನ್ನು ಕೆಳಗಿಟ್ಟರು.

"ಎಷ್ಟೋ ತಿಂಗಳು ನರಳಿದವರು ಇದ್ದಕ್ಕಿದ್ದಂತೆ ಶಾಂತವಾಗಿ, ತಮ್ಮ ವಸ್ತು ಹಂಚೋಕೆ ಶುರುಮಾಡಿದ್ರೆ ಸಂತೋಷಪಡಬಾರದು ಕಣಪ್ಪ, ಆಗಲೇ ಓಡಿ ಬರಬೇಕು. ಒಳಗೆ ಏನೋ ತೀರ್ಮಾನ ಮಾಡಿಕೊಂಡಿರ್ತಾರೆ."

ಆಮೇಲೆ ಕೇಳಿದರು, "ಈ ಪತ್ರಗಳನ್ನ ಬರೆದವರು ಯಾರು?"

"ನಮ್ಮಕ್ಕ. ನಾಲ್ಕನೇ ಕ್ಲಾಸು."

"ಒಂದು ಲಕ್ಷಣವನ್ನೂ ಬಿಟ್ಟಿಲ್ಲ ಅವರು. ನಮ್ಮ ವಿದ್ಯಾರ್ಥಿಗಳೂ ಇಷ್ಟು ಚೆನ್ನಾಗಿ ಬರೆಯಲ್ಲ. ಓದಿದವರು ಯಾರು?"

"ನಾನು" ಎಂದೆ. ಅವರು ಪೆನ್ನು ಎತ್ತಿಕೊಂಡು ಮತ್ತೆ ಬರೆಯತೊಡಗಿದರು. ಬೈದಿದ್ದರೆ ಚೆನ್ನಾಗಿತ್ತು.

ಕಾರಣ ಏನು ಎಂದೂ ಕೇಳಿದೆ. ನಾನು ಊರು ಬಿಟ್ಟದ್ದಾ, ನಿನ್ನ ಮಾತಾ, ಮನೆಯ ಕೆಲಸವಾ? "ಒಂದೇ ಕಾರಣ ಹುಡುಕಿ ಅದರ ಕತ್ತು ಹಿಡೀಬೇಕು ಅಂತಿದ್ದೀರಿ. ಇದು ಕಾಯಿಲೆ. ಎಲ್ಲ ಇದ್ದವರಿಗೂ ಬರುತ್ತೆ. ಬಂದಾಗ ಏನು ಮಾಡಿದ್ರಿ ಅನ್ನೋದು ಮಾತ್ರ ನಿಮ್ಮ ಕೈಲಿತ್ತು" ಎಂದರು.

ಎಮ್ನಾಳಿಗೆ ಅಮ್ಮ ಬೇಗ ಗುಣವಾಗುತ್ತಾಳೆ ಎಂದು ಹೇಳು.

ರಿದಾ


ಅತ್ತಾಯಾ
೧ ಮಾರ್ಚ್ ೧೯೯೭

ತಮ್ಮಾ,

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ಎಲ್ಲ ಬರೆದಿದ್ದೇನೆ ಎಂದು ಡಾಕ್ಟರಮ್ಮ ಹೊಗಳಿದರಲ್ಲ, ಅದು ಸುಳ್ಳು. ಒಂದನ್ನು ಬರೆಯಲಿಲ್ಲ.

ಡಿಸೆಂಬರ್ ಮೊದಲ ದಿನ, ಆ ಮದುವೆಯಾಗಿ ಮೂರು ದಿನದ ಮೇಲೆ, ನಾನು ನಿನಗೆ ಪತ್ರ ಬರೆಯಲು ಕೂತಿದ್ದೆ. ಸಾಲ್ಹಾ ಎದ್ದು ಬಂದು ನನ್ನ ಪಕ್ಕದಲ್ಲಿ ಕೂತಳು. ತಲೆ ಬಾಚಿರಲಿಲ್ಲ. "ಲೆಲ್ಲಾ, ಅವರಿಗೆ ಬಾ ಅಂತ ಒಂದು ಸಾಲು ಬರೀತೀರಾ? ನಾನು ಬರೆದ್ರೆ ನಂಬಲ್ಲ. ನೀವು ಬರೆದ್ರೆ ಬಂದುಬಿಡ್ತಾರೆ" ಎಂದಳು. "ಯಾಕೆ, ಏನಾಗಿದೆ?" ಎಂದೆ. "ಏನೋ ಆಗ್ತಿದೆ. ಏನು ಅಂತ ಹೇಳೋಕೆ ಬರ್ತಿಲ್ಲ" ಎಂದಳು. "ಸರಿ, ಬರೀತೀನಿ ಹೋಗು" ಎಂದೆ.

ಬರೆಯಲಿಲ್ಲ. ಬದಲಿಗೆ ಮದುವೆಯಲ್ಲಿ ಕುಣಿದದ್ದನ್ನು ಬರೆದೆ. ಅವಳು ಕೆಳಗೆ ತನ್ನ ಸಲಾಂ ಬರೆಯಲು ಕೂತಾಗ ಮೇಲಿನದನ್ನೆಲ್ಲ ಮಡಚಿ ಹಿಡಿದಿದ್ದೆ. ಅದಾದ ಮೇಲೆ ದಿನಾ ಕೇಳುತ್ತಿದ್ದಳು, "ಉತ್ತರ ಬಂತಾ ಲೆಲ್ಲಾ?" ಆಮೇಲೆ ಕೇಳುವುದನ್ನು ಬಿಟ್ಟಳು.

ಸಿಟ್ಟಿಗೆ ಬರೆಯಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಬಹುದು. ಆದರೆ ನಿಜ ಅದಲ್ಲ. ನೀನು ಬಂದರೆ ಅವಳನ್ನೂ ಎಮ್ನಾಳನ್ನೂ ಜೊತೆಗೆ ಕರೆದುಕೊಂಡು ಹೋಗುತ್ತೀ ಅನ್ನಿಸಿತು. ಅಮ್ಮ ಹೋದ ಮೇಲೆ ನಿನ್ನನ್ನು ಸಾಕಿದೆ. ಬಂದ ಎರಡು ಸಂಬಂಧ ಬೇಡವೆಂದೆ. ಈಗ ನಲವತ್ತು ದಾಟಿದ ಮೇಲೆ ಈ ಮನೆಯಲ್ಲಿ ನಾನೊಬ್ಬಳೇ ಉಳಿಯುವುದು ನನ್ನಿಂದ ಆಗಲಿಲ್ಲ. ಅವಳು ಹಾಸಿಗೆಯಲ್ಲಿ ಬಿದ್ದಿದ್ದರೂ ಪರವಾಗಿಲ್ಲ, ಮನೆಯಲ್ಲಿರಲಿ ಅಂದುಕೊಂಡೆ.

ನಿನಗೆ ಗೊತ್ತಿರಬೇಕು ಎಂದು ಬರೆದೆ. ಮನ್ನಿಸು ಎಂದು ಬರೆಯಲು ಕೈ ಏಳುತ್ತಿಲ್ಲ.

ಮಬ್ರೂಕಾ


ಸ್ಫಾಕ್ಸ್
೬ ಮಾರ್ಚ್ ೧೯೯೭

ನಿನ್ನ ಪತ್ರ ಬಂತು.
ಎಮ್ನಾಳ ಉಣ್ಣೆಯ ಕೋಟನ್ನು ಜುಮಾ ಚಿಕ್ಕಪ್ಪನ ಕೈಯಲ್ಲಿ ಕಳಿಸು. ಶುಕ್ರವಾರ ಅವನೊಡನೆ ಅವಳನ್ನೂ ಕಳಿಸು, ತಾಯಿಯನ್ನು ನೋಡಲಿ. ನೀನು ಬರುವುದು ಬೇಡ.

ರಿದಾ


ಸ್ಫಾಕ್ಸ್
೨೯ ಮಾರ್ಚ್ ೧೯೯೭

ಅಕ್ಕಾ,

ಆ ಚೀಟಿ ಬರೆದ ಮೇಲೆ ಮೂರು ವಾರ ನಿನ್ನನ್ನು ಮನಸ್ಸಿನಲ್ಲೇ ಬೈಯುತ್ತಿದ್ದೆ. ಅಕ್ಕ ಒಂದು ಸಾಲು ಬರೆದಿದ್ದರೆ ನಾನು ಓಡಿ ಬರುತ್ತಿದ್ದೆ ಎಂದು ಹಡಗುಕಟ್ಟೆಯ ಉದ್ದಕ್ಕೂ ನಡೆಯುತ್ತಾ ಹೇಳಿಕೊಳ್ಳುತ್ತಿದ್ದೆ. ಹಾಗೆ ಹೇಳಿಕೊಂಡರೆ ಸ್ವಲ್ಪ ಹಗುರಾಗುತ್ತಿತ್ತು. ಇನ್ನು ಆಗುವುದಿಲ್ಲ.

ಡಿಸೆಂಬರಿನಲ್ಲಿ ಅವಳೇ ನನಗೆ ಬರೆದಿದ್ದಳು. ನಿನಗೆ ಗೊತ್ತಿಲ್ಲ. ಪತ್ರ ಈಗಲೂ ನನ್ನ ಹತ್ತಿರ ಇದೆ, ಇದ್ದದ್ದನ್ನು ಇದ್ದಂತೆ ಬರೆಯುತ್ತೇನೆ. "ನಾನು ಇಲ್ಲದಿದ್ದರೆ ನಿಮಗೆಲ್ಲ ಹಗುರ. ಎಮ್ನಾ ಚಿಕ್ಕವಳು, ಮರೆಯುತ್ತಾಳೆ. ನನಗೆ ನನ್ನ ಬಗ್ಗೆಯೇ ಹೆದರಿಕೆಯಾಗುತ್ತಿದೆ. ಬರುತ್ತೀರಾ?"

ಬರುತ್ತೀರಾ ಎಂದು ಕೇಳಿದ್ದಳು ಅಕ್ಕಾ. ಕೋಣೆಯವನೊಬ್ಬ ಹೆಗಲ ಮೇಲಿಂದ ಇಣುಕಿ, "ಹೆಂಗಸ್ರು ಗಂಡಂದಿರನ್ನ ಕರೆಸಿಕೊಳ್ಳೋದೇ ಹೀಗೆ, ಒಂದು ಸಲ ಸೋತ್ರೆ ಮುಗೀತು ನಿನ್ ಕತೆ" ಎಂದ. ನಾನು ಅವನ ಮಾತು ನಂಬಿ ಅವಳಿಗೆ ಬೈದು ಬರೆದೆ. ಅದೇ ಪತ್ರಕ್ಕೆ ನೀನು ನನ್ನ ಕೈಗೆ ಸಕ್ಕರೆ ಹಾಕುತ್ತೇನೆ ಎಂದದ್ದು. ಅವಳೇ ಬಾ ಎಂದಾಗ ಬಾರದವನು ನೀನು ಬರೆದರೆ ಬರುತ್ತಿದ್ದೆನೋ ಇಲ್ಲವೋ, ಯಾರು ಕಂಡರು.

ಈಗ ಅವಳು ಸ್ವಲ್ಪ ಮೇಲು. ಮಂಗಳವಾರ ತಾನಾಗಿಯೇ ಕೇಳಿ ಕಿತ್ತಳೆ ತಿಂದಳು. ಮಾರನೆ ದಿನ ಮತ್ತೆ ಮಾತಿಲ್ಲ. ಹೀಗೇ ಏರಿಳಿತ ಇರುತ್ತದೆ, ಗುಳಿಗೆ ಮಾತ್ರ ನಿಲ್ಲಿಸಬಾರದು ಎಂದಿದ್ದಾರೆ ಡಾಕ್ಟರ್. ನಾನು ಇಲ್ಲಿಯೇ ಒಂದು ಕೋಣೆ ಹಿಡಿದು ಕೆಲಸಕ್ಕೆ ಸೇರಿದ್ದೇನೆ. ಮಿಸ್ರಾತಾಕ್ಕೆ ಹೋಗುವುದಿಲ್ಲ.

ಬಕ್ರೀದಿಗೆ ಬಾ. ಆ ಚೀಟಿಯ ಮಾತನ್ನು ಮನಸ್ಸಿನಿಂದ ತೆಗೆದುಹಾಕು.

ನಿನ್ನ ತಮ್ಮ,
ರಿದಾ


ಸ್ಫಾಕ್ಸ್
೨೪ ಏಪ್ರಿಲ್ ೧೯೯೭

ಲೆಲ್ಲಾ ಮಬ್ರೂಕಾ ಅವರಿಗೆ ಸಾಲ್ಹಾಳ ಸಲಾಂ.

ಇಷ್ಟು ಉದ್ದ ಬರೆಯುತ್ತಿರುವುದು ಬಹಳ ದಿನಗಳ ಮೇಲೆ. ಮೂರು ದಿನದಲ್ಲಿ ಸ್ವಲ್ಪ ಸ್ವಲ್ಪವೇ ಬರೆದಿದ್ದೇನೆ.

ಹಬ್ಬಕ್ಕೆ ಬಂದವರು ನನ್ನ ಕೈ ಹಿಡಿದು ಅತ್ತಿರಿ. ಆ ಸಾಲು ಬರೆಯಲಿಲ್ಲ ಎಂದು ಹೇಳಿದಿರಿ. ಅವರೂ ವಾರಕ್ಕೊಮ್ಮೆ ಹೀಗೇ ಅಳುತ್ತಾರೆ. ನಿಮ್ಮಿಬ್ಬರಿಗೂ ಒಂದು ಮಾತು ಹೇಳಬೇಕು, ತಪ್ಪು ತಿಳಿಯಬೇಡಿ. ನೀವು ಮಾಫಿ ಕೇಳಿದಾಗಲೆಲ್ಲ ನಿಮ್ಮನ್ನು ಸಮಾಧಾನ ಮಾಡುವ ಕೆಲಸ ನನ್ನ ಪಾಲಿಗೆ ಬರುತ್ತದೆ. ಅಷ್ಟು ಶಕ್ತಿ ನನ್ನಲ್ಲಿ ಇನ್ನೂ ಇಲ್ಲ. ನನಗೆ ಸಿಟ್ಟಿದೆ. ಇಲ್ಲ ಎಂದರೆ ಸುಳ್ಳಾಗುತ್ತದೆ. ಸಿಟ್ಟು ಬಂದದ್ದನ್ನು ಡಾಕ್ಟರಿಗೆ ಹೇಳಿದೆ. "ಒಳ್ಳೇದಾಯ್ತು ಬಿಡು, ಆಗ ಅದೂ ಇರಲಿಲ್ಲವಲ್ಲ" ಎಂದು ನಕ್ಕರು.

ಒಳಗೆ ಹೇಗಿತ್ತು ಎಂದು ಹಬ್ಬದ ದಿನ ಕೇಳಿದಿರಿ, ಆಗ ಹೇಳಲಾಗಲಿಲ್ಲ. ದುಃಖ ಅಲ್ಲ ಅದು. ದುಃಖವಾಗಿದ್ದರೆ ಅತ್ತು ಮುಗಿಸುತ್ತಿದ್ದೆ. ಉಪ್ಪಿನ ಡಬ್ಬಿ ಕೈಯಲ್ಲಿ ಹಿಡಿದು ಎಷ್ಟು ಹಾಕಬೇಕು ಎಂದು ತೀರ್ಮಾನಿಸಲಾಗದೆ ನಿಂತೇ ಇರುತ್ತಿದ್ದೆ. ಎಮ್ನಾ ಅಮ್ಮಾ ಎಂದರೆ ಬಹಳ ದೂರದ ಯಾವುದೋ ಮನೆಯ ಮಗು ಕರೆದ ಹಾಗೆ ಕೇಳುತ್ತಿತ್ತು. ಏಳು ಎಂದು ನೀವು ಹೇಳುವ ಮೊದಲೇ ನಾನು ನನಗೆ ನೂರು ಸಲ ಹೇಳಿಕೊಂಡಿರುತ್ತಿದ್ದೆ. ನಿಮ್ಮ ಬೈಗುಳಕ್ಕಿಂತ ಕೆಟ್ಟದ್ದನ್ನು ನಾನೇ ಬೈದುಕೊಂಡಿರುತ್ತಿದ್ದೆ. ಅದಕ್ಕೇ ನಿಮಗೆ ಎದುರಾಡಲಿಲ್ಲ. ನೀವು ಹೇಳುತ್ತಿರುವುದು ಸರಿ ಅನ್ನಿಸುತ್ತಿತ್ತು.

ಆಸ್ಪತ್ರೆಯಿಂದ ಬಿಟ್ಟಿದ್ದಾರೆ, ಆದರೂ ನಾವು ಸದ್ಯಕ್ಕೆ ಇಲ್ಲಿಯೇ, ಅವರು ಹಿಡಿದ ಕೋಣೆಯಲ್ಲಿ ಇರುತ್ತೇವೆ. ಆ ಮನೆಗೆ, ಆ ಕೋಣೆಗೆ ನಾನು ಈಗ ಬರಲಾರೆ. ಮೇ ತಿಂಗಳ ಕೊನೆಗೆ ಶಾಲೆಯಿಂದ ಬಿಡಿಸಿಕೊಂಡು ಎಮ್ನಾಳನ್ನು ಕರೆತನ್ನಿ. ನಿಮ್ಮನ್ನು ಇಲ್ಲೇ ಉಳಿಯಿರಿ ಎನ್ನಲು ಇನ್ನೂ ಮನಸ್ಸು ಬರುತ್ತಿಲ್ಲ. ಮುಂದೆ ಬಂದರೂ ಬರಬಹುದು. ಈಗ ಇಷ್ಟೇ.

ಸಾಲ್ಹಾ


ಅತ್ತಾಯಾ
೧೭ ಮೇ ೧೯೯೭

ಪ್ರೀತಿಯ ಸಾಲ್ಹಾಳಿಗೆ ಮಬ್ರೂಕಾಳ ಸಲಾಂ.

ನೀನು ಬೇಡವೆಂದ ಪದವನ್ನು ಈ ಪತ್ರದಲ್ಲಿ ಬರೆಯುವುದಿಲ್ಲ. ನಿನ್ನ ಸಿಟ್ಟು ಎಷ್ಟು ದಿನ ಬೇಕಾದರೂ ಇರಲಿ, ಅವಸರವಿಲ್ಲ. ಎಮ್ನಾಳ ಬಟ್ಟೆ, ಪುಸ್ತಕ ಎಲ್ಲ ಕಟ್ಟಿಟ್ಟಿದ್ದೇನೆ. ಈ ಮನೆಯಲ್ಲಿ ಒಬ್ಬಳೇ ಹೇಗಿರುವುದು ಎಂದು ಯೋಚಿಸಿ ಮೊದಲು ಎದೆ ಒಡೆದಂತಾಯಿತು. ಆದರೆ ಅದು ನನ್ನ ಕಷ್ಟ. ನಿನ್ನ ತಲೆಯ ಮೇಲೆ ಹೊರಿಸುವುದಿಲ್ಲ.

ಬರೆಯಲು ಕೂತದ್ದು ಬೇರೆ ವಿಷಯಕ್ಕೆ.

ನಿನ್ನೆ ಬೆಳಿಗ್ಗೆ ರೊಟ್ಟಿ ಅಂಗಡಿಯಲ್ಲಿ ಐದಾರು ಹೆಂಗಸರು ನಿಂತಿದ್ದೆವು. ದೋಣಿ ಕಟ್ಟುವ ಅಮೋರ್‌ನ ಹೆಂಡತಿ ಝೊಹ್ರಾ ಬಂದಳು. ಯಾರೋ, "ಏನೇ, ನಿನ್ ಗಂಡ ಕಾಣ್ತಾನೇ ಇಲ್ಲ?" ಎಂದರು. ಝೊಹ್ರಾ ಕೈ ಕುಣಿಸಿ, "ಅಯ್ಯೋ, ನಮ್ ಯಜಮಾನ್ರಿಗೆ ಬಾಣಂತನ! ಉಳಿ ಮುಟ್ಟೋ ಹಾಗಿಲ್ಲ, ಗಾಳಿಗೆ ಬರೋ ಹಾಗಿಲ್ಲ. ಅರ್ಧ ಕಟ್ಟಿದ ದೋಣೀಲಿ ಕೋಳಿ ಮೊಟ್ಟೆ ಇಡ್ತಾ ಇದೆ" ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ನನ್ನ ನಾಲಿಗೆ ನಿನಗೆ ಗೊತ್ತು. ಅದಕ್ಕಿಂತ ಹರಿತವಾದ ಮಾತು ತುದಿಯಲ್ಲಿ ಸಿದ್ಧವಾಗಿತ್ತು, ಬಾಯಿಯೂ ತೆರೆದಿದ್ದೆ. ಬಂದದ್ದು ಬೇರೆ ಮಾತು.

"ಎಷ್ಟು ದಿನದಿಂದ ಝೊಹ್ರಾ?"

ಅವಳು ಇನ್ನೂ ನಗುತ್ತಲೇ ಇದ್ದಳು. "ಏನು ಎಷ್ಟು ದಿನ?"

"ಮಲಗಿರೋದು. ಊಟ ಮಾಡ್ತಾನಾ?"

ನಗು ಅರ್ಧಕ್ಕೇ ನಿಂತಿತು. "ರಂಜಾನ್ ಮುಗಿದಾಗಿಂದ" ಎಂದಳು. ರೊಟ್ಟಿಯನ್ನು ಎದೆಗೆ ಒತ್ತಿಕೊಂಡು ಹೊರಗೆ ಹೋಗಿ ನಿಂತಳು. ನಾನೂ ಹಿಂದೆಯೇ ಹೋದೆ. ಅಲ್ಲಿ ಅತ್ತುಬಿಟ್ಟಳು. "ಏನು ಮಾಡ್ಲಿ ಅಕ್ಕಾ? ನಗದಿದ್ರೆ ಜನ ಇನ್ನೂ ಏನೇನೋ ಅಂತಾರೆ."

ಅವಳ ಜೊತೆ ಮನೆಗೆ ಹೋದೆ. ಅಮೋರ್ ಒಳಕೋಣೆಯ ಚಾಪೆಯ ಮೇಲೆ ಮಲಗಿದ್ದ. ಅಷ್ಟೆತ್ತರದ ಆಳು, ಮಗುವಿನ ಹಾಗೆ ಮುದುಡಿಕೊಂಡಿದ್ದ. ನಾನು ಹೊಸ್ತಿಲಲ್ಲೇ ಕೂತೆ.

"ಅಮೋರ್, ನಾನು ಮಬ್ರೂಕಾ. ಏಳು ಅನ್ನೋಕೆ ಬಂದಿಲ್ಲ."

ಮುಖ ಈಚೆ ತಿರುಗಿಸದೆಯೇ, "ಮತ್ಯಾಕೆ ಬಂದೆ?" ಎಂದ.

"ಸುಮ್ನೆ ಕೂತ್ಕೊಳ್ಳೋಕೆ" ಎಂದೆ. ಬಿಸಿಲು ಅಂಗಳ ದಾಟುವವರೆಗೂ ಹಾಗೇ ಕೂತಿದ್ದೆ. ನಾನು ಏಳುವಾಗ, "ನಾಳೆ ಬರ್ತೀಯಾ?" ಎಂದು ಕೇಳಿದ. ಇವತ್ತೂ ಹೋಗಿ ಬಂದೆ.

ಡಾಕ್ಟರ್ ಹತ್ತಿರ ಬರಲು ಮೊದಲು ಒಪ್ಪಲಿಲ್ಲ, ಹುಚ್ಚ ಅಂತಾರೆ ಎಂದ. ನಮ್ಮ ಸಾಲ್ಹಾ ಹೋಗಿದ್ದಾಳೆ ಎಂದುಬಿಟ್ಟೆ. ಊರಿಗೆ ಹೇಳಿದ ಚಿಪ್ಪಿನ ಕತೆಯೇ ಇರಲಿ ಎನ್ನುವುದಾದರೆ ನನ್ನನ್ನು ಬೈ. ಆದರೆ ಆ ಮಾತು ಕೇಳಿಯೇ ಅವನು ಎದ್ದು ಕೂತದ್ದು. ಎಮ್ನಾಳನ್ನು ಕರೆತರುವ ದಿನ ಅವನನ್ನೂ ಝೊಹ್ರಾಳನ್ನೂ ಹಡಗು ಹತ್ತಿಸಬೇಕೆಂದಿದ್ದೇನೆ, ಇಲ್ಲವೇ ಇನ್ನೂ ಬೇಗ ಬರಬೇಕೋ ಏನೋ. ಡಾಕ್ಟರ್ ಬಹೀಜಾ ಯಾವ ದಿನ ಸಿಗುತ್ತಾರೆ ಎಂದು ಕೂಡಲೇ ಬರೆ.

ಅಲ್ಲಿಯವರೆಗೆ ನಾನು ದಿನಾ ಅವನ ಹೊಸ್ತಿಲಲ್ಲಿ ಕೂರುತ್ತೇನೆ. ಅವನಿಗೆ ಏನು ಹೇಳಬೇಕು, ಯಾವುದನ್ನು ಹೇಳಲೇಬಾರದು, ನನಗೆ ತಿಳಿಯದು. ನಿನಗೆ ತಿಳಿದಿದೆ ಸಾಲ್ಹಾ. ಹೇಳಿಕೊಡು.

ನಿನ್ನ ಉತ್ತರಕ್ಕೆ ಕಾದಿರುವ,
ಮಬ್ರೂಕಾ